ಜೇಬಿಲ್ಲದ ಫ್ರಾಕು

ಫ್ರಾಕಿಗೆ ಜೇಬಿತ್ತು. ನಿನ್ನೆ ಸಂಜೆಯಿಂದ ಅವಳ ತಲೆಯಲ್ಲಿ ಓಡುತ್ತಿದ್ದುದು ಇದೊಂದೇ. ಮಡಿಲಲ್ಲಿ ಯಾರದೋ ಕಪ್ಪು ಪ್ಯಾಂಟು. ಅದರ ಕಾಲಂಚು ಬಿಚ್ಚಿ, ಗಿಡ್ಡ ಮಾಡಿ, ಮಧ್ಯಾಹ್ನದ ಹೊತ್ತಿಗೆ ಕೊಡಬೇಕು. ಬ್ಲೇಡಿನ ಮೂಲೆಯಿಂದ ಹಳೆಯ ನೂಲು ಕೀಳುತ್ತ ಕೂತವಳು ಆ ಪ್ಯಾಂಟಿನ ಜೇಬು ಕಣ್ಣಿಗೆ ಬಿದ್ದಾಗಲೆಲ್ಲ ಅದನ್ನು ಒಳಕ್ಕೆ ಮಡಿಸಿಡುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದುದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ, ಹೊಲಿದದ್ದನ್ನು ಸರಿಮಾಡುವ ಅಂಗಡಿ. ಸಡಿಲವಾದದ್ದನ್ನು ಹಿಡಿಯುವುದು, ಬಿಗಿಯಾದದ್ದನ್ನು ಬಿಡುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು. ಯಾರ ಯಾರ ಬೆವರು, ಯಾವ ಯಾವ ಬೀದಿಯ ಧೂಳು ಅಲ್ಲಿಗೆ ಬರುತ್ತಿತ್ತೋ, ಅವಳು ಅದನ್ನೆಲ್ಲ ಮಡಿಲಲ್ಲಿಟ್ಟುಕೊಂಡು, ಹಲ್ಲಿನಿಂದಲೇ ನೂಲು ಕಚ್ಚಿ ತುಂಡು ಮಾಡುತ್ತಿದ್ದಳು. ಅದು ಏನೂ ಅಲ್ಲ. ಅವಳ ತೊಳೆಯುವ ಕಾಯಿಲೆಗೆ ಅದರದೇ ಒಂದು ಕಾನೂನಿತ್ತು. ಕೊಳೆ ಮಗಳ ಕಡೆಗೆ ಹೊರಟಿದ್ದರೆ ಮಾತ್ರ ಅದು ಕೊಳೆ. ತನ್ನ ಕೈಯಿಂದ ಮಗಳ ಮೈಗೆ ಏನೋ ಒಂದು ಹತ್ತಿ, ಮಗಳು ಮಲಗಿ, ಮತ್ತೆ ಏಳದೆ ಹೋಗುವ ಚಿತ್ರ ದಿನಕ್ಕೆ ಎಷ್ಟು ಸಲ ಬರುತ್ತಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಟ್ಟರೆ? ಹೊರಡುವ ಮೊದಲು ಅಂಗಡಿಯ ಹಿಂದಿನ ನಲ್ಲಿಯಲ್ಲಿ ಅವಳು ಕೈ ತೊಳೆಯುತ್ತ ನಿಲ್ಲುತ್ತಿದ್ದ ಹೊತ್ತನ್ನು ನೋಡಿ ಮಾಲೀಕರು, ಇನ್ನೊಂದು ನಲ್ಲಿ ಹಾಕಿಸಬೇಕಮ್ಮ, ಇದು ನಿನಗೇ ಆಯ್ತು, ಎಂದು ನಗುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಅವಳಷ್ಟು ನೇರ ಹೊಲಿಗೆ ಹಾಕುವವರು ಆ ಬೀದಿಯಲ್ಲೇ ಇರಲಿಲ್ಲ, ಅದೂ ಒಂದು ಕಾರಣ.

ನಿನ್ನೆ ಮಗಳು ಚುಕ್ಕಿಯನ್ನು ಮನೆಗೆ ಕರೆತಂದದ್ದು ಗಂಡ. ದಿನವೂ ಕರೆತರುತ್ತಿದ್ದವಳು ನಾದಿನಿ. ಶಾಲೆ ಬಿಟ್ಟ ಮೇಲೆ ಚುಕ್ಕಿ ನಾದಿನಿಯ ಸಸಿ ಮಾರುವ ನರ್ಸರಿಗೆ ಹೋಗಿ, ಅಮ್ಮ ಅಂಗಡಿಯಿಂದ ಮನೆಗೆ ಬರುವ ತನಕ ಅಲ್ಲೇ ಇರುವುದು ರೂಢಿ. ನಿನ್ನೆ ನಾದಿನಿ ಯಾವುದೋ ಹೊಸ ಕಟ್ಟಡಕ್ಕೆ ಕುಂಡಗಳನ್ನು ತಲುಪಿಸಲು ಹೋಗಿದ್ದರಿಂದ ಗಂಡ ಸ್ಕೂಟರಿನಲ್ಲಿ ಕರೆತಂದ. ಬಾಗಿಲಲ್ಲಿ ಚಪ್ಪಲಿ, ಬಚ್ಚಲ ಮೆಟ್ಟಿಲ ಮೇಲೆ ಬಟ್ಟೆ, ಆಮೇಲೆ ನೇರ ನೀರಿಗೆ. ಮಾತುಕತೆಯೆಲ್ಲ ಅದಾದ ಮೇಲೆ. ಹಾಗೆ ಎಲ್ಲ ದಿನದಂತೆ ಫ್ರಾಕನ್ನು ಬಿಚ್ಚುತ್ತಿದ್ದಾಗ, ಹೊಲಿಗೆಯವಳ ಅಭ್ಯಾಸ, ಬೆರಳು ತಾನಾಗಿ ಪಕ್ಕದ ಹೊಲಿಗೆಯ ಗುಂಟ ಇಳಿಯಿತು. ಸೊಂಟದ ಕೆಳಗೆ ಹೊಲಿಗೆ ಬಾಯಿಬಿಟ್ಟಿತ್ತು. ಬಿಚ್ಚಿಹೋಗಿದೆ ಎಂದುಕೊಂಡಳು. ಬೆರಳು ಒಳಗೆ ಜಾರಿತು. ಒಳಗೆ ಮೆತ್ತಗೆ ಒಂದು ಚೀಲ. ಚೀಲದ ತಳದಲ್ಲಿ ಗಟ್ಟಿಯಾದ, ದುಂಡಗಿನ ಏನೋ ಒಂದು. ತೆಗೆದು ನೋಡಿದರೆ ಶಂಖದ ಹುಳುವಿನ ಖಾಲಿ ಚಿಪ್ಪು. ಅವಳು ಹೊಲಿದ ಯಾವ ಫ್ರಾಕಿಗೂ ಜೇಬಿರಲಿಲ್ಲ. ಜೇಬೆಂದರೆ ಕೊಳೆ ಕೂರುವ ಜಾಗ, ಎಷ್ಟು ಒಗೆದರೂ ಅದರ ಮೂಲೆ ಬರುವುದಿಲ್ಲ. ಮಗು ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಆಯ್ದು ತುಂಬಿಕೊಳ್ಳುವುದು ಅದಕ್ಕೇ. ತಲೆಯೆತ್ತಿದಳು. ಚುಕ್ಕಿ ಬನಿಯನ್ನಿನಲ್ಲಿ ನಿಂತು ಉಸಿರು ಹಿಡಿದು ಅಮ್ಮನ ಮುಖವನ್ನೇ ನೋಡುತ್ತಿತ್ತು. ಗಂಡ ಕರೆಂಟಿನ ಮೀಟರ್ ಓದುವ ಕೆಲಸದವನು. ಆ ಹೊತ್ತಿಗೆ ಸ್ವಂತ ಮನೆಯ ಮೀಟರನ್ನು ಹಿಂದೆಂದೂ ಕಾಣದವನ ಹಾಗೆ ಗೋಡೆ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದ. ಅವಳು ಚಿಪ್ಪನ್ನು ಬಚ್ಚಲ ಕಿಟಕಿಯಲ್ಲಿಟ್ಟು, ಮಗಳಿಗೆ ನೀರು ಹಾಕಿ, ಫ್ರಾಕನ್ನು ಎಲ್ಲ ದಿನದಂತೆ ಒಗೆದು ಹರವಿದಳು.

ಬೆಳಕಿನಲ್ಲಿ ಹಿಡಿದಾಗ ಉಳಿದದ್ದೂ ಕಂಡಿತು. ತಾನು ಹೊಲಿದ ಫ್ರಾಕಿನದೇ ನೀಲಿ, ಅದೇ ಬಿಳಿ ಚುಕ್ಕೆ. ಆದರೆ ಅವಳು ಹೊಲಿದದ್ದು ದಿನಾ ಬಿಸಿನೀರು ಕುಡಿದು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು, ಇದರ ನೀಲಿ ಇನ್ನೂ ನೀಲಿಯಾಗಿಯೇ ಇತ್ತು. ಕತ್ತಿನ ಪಟ್ಟಿಯನ್ನು ಯಾರೋ ಓರೆಗೆ ಕತ್ತರಿಸುವ ಬದಲು ಅಡ್ಡಕ್ಕೇ ಕತ್ತರಿಸಿ ಹಾಕಿದ್ದರು, ಸೋಮಾರಿಯ ಕೆಲಸ. ಕಂಕುಳ ಹತ್ತಿರ ಮಾತ್ರ ಅವಳು ಬಿಡುತ್ತಿದ್ದುದಕ್ಕಿಂತ ಒಂದು ಬೆರಳು ಹೆಚ್ಚು ಬಿಟ್ಟಿದ್ದರು. ಯಾಕೆಂದು ಯೋಚಿಸಿದಾಗ ಹೊಳೆಯಿತು: ಕೈಯೆತ್ತಿ ನೇತಾಡುವ ಮಗುವಿಗೆ ಹೊಲಿದ ಫ್ರಾಕು ಇದು. ಅವಳು ಹೊಲಿದದ್ದು ಕುರ್ಚಿಯ ಮೇಲೆ ಕೂರುವ ಮಗುವಿಗೆ. ಯಾವನೋ ಒಬ್ಬ ದರ್ಜಿ ಟೇಪು ಹಿಡಿದು ಚುಕ್ಕಿಯ ಎದೆಯಳತೆ ತೆಗೆದುಕೊಂಡಿದ್ದಾನೆ, ಕೈ ಎತ್ತು ಮರಿ ಅಂದಿದ್ದಾನೆ, ಚುಕ್ಕಿ ಕೈಯೆತ್ತಿ ಕಚಗುಳಿಗೆ ನಕ್ಕಿದೆ. ಪಕ್ಕದಲ್ಲಿ ನಾದಿನಿ ನಿಂತಿದ್ದಾಳೆ. ಈ ಚಿತ್ರ ಬಂದಾಗ ಅವಳ ಕೈಯ ಬ್ಲೇಡು ಪ್ಯಾಂಟಿನ ಬಟ್ಟೆಯನ್ನೇ ಕಚ್ಚಿತು. ಮಾಲೀಕರು ನೋಡಲಿಲ್ಲ. ಮಗುವಿನ ಅಳತೆ ಅವಳಿಗೆ ಬಾಯಿಪಾಠವಿತ್ತು, ಹುಟ್ಟಿದಾಗಿನಿಂದ. ಆ ಒಂದು ವಿಷಯದಲ್ಲಾದರೂ ತನ್ನ ಮುಂದೆ ಯಾರೂ ಇಲ್ಲ ಎಂದು ಅಂದುಕೊಂಡಿದ್ದಳು.

ಬೆಳಿಗ್ಗೆ ಅವಳು ಗಂಡನನ್ನು ಕೇಳಿದ್ದು ಒಂದೇ ಮಾತು, ಎಂದಿನಿಂದ ನಡೀತಿದೆ ಇದು, ಎಂದು. ಅವನು ಕಾಲಿಗೆ ಸಾಕ್ಸು ಏರಿಸುತ್ತ, ಮಳೆಗಾಲಕ್ಕೂ ಮುಂಚಿನಿಂದ, ಎಂದ. ಆಮೇಲೆ ತಾನೇ ಹೇಳಿಕೊಂಡ. ನರ್ಸರಿಗೆ ಬಂದ ಕೂಡಲೇ ಚುಕ್ಕಿ ಅಮ್ಮ ಹೊಲಿದ ಫ್ರಾಕನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಇನ್ನೊಂದನ್ನು ಹಾಕಿಕೊಳ್ಳುತ್ತಿತ್ತಂತೆ. ಹೊರಡುವ ಮೊದಲು ನಾದಿನಿ ಕೈಕಾಲು ತಿಕ್ಕಿ, ಉಗುರು ನೋಡಿ, ಮತ್ತೆ ಅಮ್ಮ ಹೊಲಿದದ್ದನ್ನು ತೊಡಿಸಿ ಕಳಿಸುತ್ತಿದ್ದಳಂತೆ. ನಿನ್ನೆಯೂ ನಾದಿನಿ ಹೊರಡುವ ಆತುರದಲ್ಲಿ ಬೇಗನೆ ಎಲ್ಲ ಸರಿಮಾಡಿ ಕೂರಿಸಿಯೇ ಹೋಗಿದ್ದಳು. ಇವನು ಬಂದು ನೋಡಿದ: ಮಗುವಿನ ಮೈಮೇಲೆ ಮಾಸಿದ ಫ್ರಾಕು, ಮೊಳೆಯ ಮೇಲೆ ಒಗೆದು ಒಣಗಿಸಿದ ಹೊಳೆಯುವ ಫ್ರಾಕು. "ಮಾಸಿದ್ದೇ ಆಟದ್ದು ಅಂದ್ಕೊಂಡೆ ಕಣೆ. ಯಾರಾದ್ರೂ ಹಾಗೇ ಅಂದ್ಕೋತಾರೆ. ಚುಕ್ಕಿ ಅಲ್ಲ ಅಪ್ಪ ಅಲ್ಲ ಅಪ್ಪ ಅಂತಾನೇ ಇದ್ಲು, ನಾನೇ ಕೇಳದೆ ಬದಲಾಯಿಸಿಬಿಟ್ಟೆ." ಹೀಗೆಂದು ಅವನು ಸಣ್ಣಗೆ ನಕ್ಕ, ನಗು ಅರ್ಧಕ್ಕೇ ನಿಂತಿತು. ತಪ್ಪು ಮಾಡಿದ್ದಕ್ಕಲ್ಲ, ಸಿಕ್ಕಿಬಿದ್ದಿದ್ದಕ್ಕೆ ಅವನಿಗೆ ನಾಚಿಕೆಯಾಗಿದೆ ಎಂದು ಅವಳಿಗೆ ಅನಿಸಿತು. ಅವಳು ಆ ನೀಲಿ ಫ್ರಾಕನ್ನೇ ಮಡಿಸಿ ಚುಕ್ಕಿಯ ಚೀಲಕ್ಕೆ ತುರುಕಿದಳು. ನೋಡಲಿ. ನನಗೆ ಗೊತ್ತಾಗಿದೆ ಅಂತ ನಾದಿನಿಗೂ ಗೊತ್ತಾಗಲಿ.

ಆದರೆ ಅದಕ್ಕಿಂತ ಕೆಟ್ಟದ್ದು ಬಸ್ಸಿನಲ್ಲಿ ಹೊಳೆದದ್ದು. ಹಾಗಿದ್ದರೆ ಇಷ್ಟು ದಿನ ಸಂಜೆ ಸಂಜೆ ತಾನು ಕೂತು ತಿಕ್ಕಿದ್ದು ಏನನ್ನು? ಶಾಲೆ ಬಿಟ್ಟಾಗಿನಿಂದ ಮೊಳೆಯ ಮೇಲೆ ನೇತಾಡಿ, ಆಮೇಲೆ ಮನೆಯ ದಾರಿಯಷ್ಟು ಹೊತ್ತು ಮಾತ್ರ ಮಗುವಿನ ಮೈಮೇಲಿದ್ದ ಬಟ್ಟೆಯನ್ನು. ಅವಳು ಅದರಿಂದ ಕೊಳೆ ಇಳಿಯುವುದನ್ನು ಕಣ್ಣಾರೆ ಕಂಡಿದ್ದಳು. ಬಕೆಟ್ಟಿನ ನೀರು ಕಂದಾಗುತ್ತಿತ್ತು, ಎರಡನೆಯ ನೀರೂ ಕಂದು, ಮೂರನೆಯದರಲ್ಲಿ ತಳದಲ್ಲಿ ಮಣ್ಣಿನ ಕಣ. ಗಂಡನನ್ನು ಕರೆದು, ನೋಡಿ ಇದು, ನಿಮ್ಮ ತಂಗಿಯ ಮನೆಯ ಮಣ್ಣು, ಎಂದು ತೋರಿಸಿಯೂ ಇದ್ದಳು. ಅವನು ಬಗ್ಗಿ ನೋಡಿ, ಹ್ಞೂಂ, ಎಂದಿದ್ದ. ಆ ಹ್ಞೂಂ ಈಗ ಕೆನ್ನೆಗೆ ಬಾರಿಸಿದಂತಾಯಿತು. ನೀರಿನಲ್ಲಿ ಏನೂ ಇರಲಿಲ್ಲ. ಅವನಿಗೆ ಗೊತ್ತಿತ್ತು ಏನೂ ಇಲ್ಲವೆಂದು. ಬಾಗಿಲಲ್ಲಿ ನಿಂತ ಚುಕ್ಕಿಗೂ ಗೊತ್ತಿತ್ತು. ಮೂವರು ಇರುವ ಮನೆಯಲ್ಲಿ ಇಬ್ಬರಿಗೆ ಕಾಣದ ಮಣ್ಣನ್ನು ಒಬ್ಬಳು ತೋಳು ಸೋಲುವ ತನಕ ತಿಕ್ಕುತ್ತಿದ್ದಳು, ಅವರು ಅದನ್ನು ನೋಡಿಕೊಂಡು ಸುಮ್ಮನಿರುತ್ತಿದ್ದರು. ಬೈದಿದ್ದರೆ, ಹುಚ್ಚಿ ಎಂದು ಕೂಗಿದ್ದರೆ ಕೂಡ ಇಷ್ಟು ಉರಿಯುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿದಿದ್ದ ತನ್ನ ಕೈಯನ್ನು ನೋಡಿಕೊಂಡಳು. ಬೆರಳ ಗಿಣ್ಣುಗಳ ಮೇಲೆ ಚರ್ಮ ಸೀಳಿ ಸಣ್ಣ ಕೆಂಪು ಗೆರೆಗಳು. ಪಕ್ಕದ ಹೆಂಗಸು ಅದನ್ನು ಕಂಡು ಸ್ವಲ್ಪ ಸರಿದು ನಿಂತಳು, ಅಂಟುರೋಗವಿರಬಹುದೆಂದು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ಅದು ನಿನ್ನೆಯದೂ ಅಲ್ಲ. ಬಾಣಂತಿಯಾಗಿದ್ದಾಗ ಅವಳಿಗೆ ಎಳೆಕೂಸನ್ನು ಎತ್ತಿಕೊಳ್ಳಲು ಭಯ. ಎತ್ತಿಕೊಳ್ಳುವ ಮೊದಲು ಕೈ ತೊಳೆಯಬೇಕು. ತೊಳೆದು ಬರುವಾಗ ಬಾಗಿಲ ಪರದೆ ತಗುಲಿತೋ ಏನೋ, ಮತ್ತೆ ತೊಳೆಯಬೇಕು. ಅಷ್ಟರಲ್ಲಿ ಕೂಸು ಅತ್ತು ಅತ್ತು ಕೆಂಪಾಗುತ್ತಿತ್ತು. ಆಗ ಹೊರಗಿನಿಂದ ಬಂದ ನಾದಿನಿ, ಉಗುರಿನಲ್ಲಿ ಗೊಬ್ಬರದ ಕಪ್ಪು ಹಾಗೇ ಇರುವಾಗ, ಏನೂ ಯೋಚಿಸದೆ ಕೂಸನ್ನು ಬಾಚಿ ಭುಜಕ್ಕೆ ಹಾಕಿಕೊಂಡಿದ್ದಳು. ಕೂಸು ತಟಕ್ಕನೆ ಸುಮ್ಮನಾಗಿತ್ತು. ಅವಳು ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಎರಡು ಯೋಚನೆ ಒಟ್ಟಿಗೆ ಬಂದವು: ಮಗು ಸಾಯುತ್ತದೆ ಈಗ, ಮಗು ಸಾಯದಿದ್ದರೆ ನಾದಿನಿಯದಾಗುತ್ತದೆ. ಮಗು ಸಾಯಲಿಲ್ಲ. ಸಣ್ಣ ಶೀತವೂ ಆಗಲಿಲ್ಲ. ಆ ವಾರ ಶೀತವಾಗಲಿ ಎಂದು ತಾನು ಕಾದಿದ್ದೆ ಎಂಬುದು ಅವಳಿಗೆ ಇವತ್ತಿಗೂ ನೆನಪಿದೆ, ಅದನ್ನು ಯಾವ ನಲ್ಲಿಯ ಕೆಳಗೆ ಹಿಡಿಯುವುದೆಂದು ಗೊತ್ತಾಗಿಲ್ಲ. ನಾದಿನಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಮದುವೆ ಒಲ್ಲೆನೆಂದು, ಪೆಟ್ರೋಲ್ ಬಂಕಿನ ಹಿಂದಿನ ಖಾಲಿ ಜಾಗ ಹಿಡಿದು, ಒಬ್ಬಳೇ ಕುಂಡ ಹೊತ್ತು ನರ್ಸರಿ ಕಟ್ಟಿಕೊಂಡವಳು. ಅತ್ತಿಗೆ ಬರುತ್ತಾಳೆಂದರೆ ಹೊಸ ಸೋಪು ತಂದಿಟ್ಟು, ಅವಳ ಕಣ್ಣೆದುರೇ ಕಾಗದ ಹರಿದು ಕೊಡುತ್ತಿದ್ದಳು, ಇದನ್ನ ಯಾರೂ ಮುಟ್ಟಿಲ್ಲ ಅತ್ತಿಗೆ, ಎಂದು. ಆ ಮರ್ಯಾದೆ ಅವಳನ್ನು ಒಳಗೊಳಗೇ ಕುದಿಸುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವಳು ಪ್ರತಿಸಲವೂ ನಗುತ್ತಿದ್ದಳು.

ಡಾಕ್ಟರು ಹೇಳಿದ್ದರು, ಇದಕ್ಕೆ ಓಸಿಡಿ ಅಂತಾರೆ, ಗೀಳು ಅಂದರೂ ತಪ್ಪಿಲ್ಲ, ನಾಚಿಕೆಪಡೋದು ಏನೂ ಇಲ್ಲ. ಮಾತ್ರೆ ಒಂದು ಕಡೆ, ಅಭ್ಯಾಸ ಇನ್ನೊಂದು ಕಡೆ. ಬಾಗಿಲ ಹಿಡಿ ಮುಟ್ಟಿ, ತೊಳೆಯದೆ ಕೂತು, ಒಳಗಿನ ದಿಗಿಲು ಏರಿ ತಾನಾಗಿ ಇಳಿಯುವುದನ್ನು ನೋಡುತ್ತಿರಬೇಕು. ಮನೆಯವರು ಅವಳ ಜೊತೆ ಸೇರಿಕೊಂಡು ತೊಳೆಯಬಾರದು, ಎಲ್ಲ ಸರಿಯಿದೆ ಅಂತ ಮತ್ತೆ ಮತ್ತೆ ಹೇಳಿ ಸಮಾಧಾನವನ್ನೂ ಮಾಡಬಾರದು. ಗಂಡ ತಲೆಯಾಡಿಸಿದ್ದ. ಬಾಗಿಲ ಹಿಡಿಯನ್ನು ಮುಟ್ಟಿ ಅವಳು ಕೂತಿದ್ದೂ ಉಂಟು, ಮೈ ಬೆವತು ಬಟ್ಟೆ ಒದ್ದೆಯಾಗುವ ತನಕ. ಒಂದೆರಡು ಸಲ ದಿಗಿಲು ಇಳಿದಿತ್ತು ಕೂಡ. ಆದರೆ ಚುಕ್ಕಿ ಒಳಗೆ ಬಂದು ಮಡಿಲಿಗೆ ಬೀಳಲು ಹೊರಟ ಕೂಡಲೇ ಎಲ್ಲ ಕಲಿಕೆಯೂ ನೀರುಪಾಲು. ಒಮ್ಮೆ ಶಾಲೆಯ ಗೇಟಿನಲ್ಲಿ ಎಲ್ಲ ಮಕ್ಕಳೂ ಅಮ್ಮಂದಿರ ಕೈಹಿಡಿದು ಹೋಗುತ್ತಿದ್ದಾಗ ಚುಕ್ಕಿಯ ಕೈ ಅವಳ ಕಡೆಗೆ ಬಂತು, ನಡುದಾರಿಯಲ್ಲಿ ಏನೋ ನೆನಪಾದಂತೆ ನಿಂತಿತು, ಹೋಗಿ ಚೀಲದ ಪಟ್ಟಿ ಹಿಡಿದುಕೊಂಡಿತು. ಅಮ್ಮನಿಗೆ ಇದು ಗೊತ್ತಾಗಬಾರದೆಂದು ಮಗು ಬೇರೆ ಕಡೆ ನೋಡಿ ಹಾಡು ಗುನುಗಿತು. ಅದು ಇನ್ನೂ ಹಲ್ಲು ಬೀಳುವ ವಯಸ್ಸಿನ ಮಗು. ಅಷ್ಟು ಬೇಗ ಇಷ್ಟೊಂದು ಜಾಣತನ ಎಲ್ಲಿಂದ ಬಂತೆಂದು ಅವಳು ಗಂಡನನ್ನು ಕೇಳಿದ್ದಳು.

ಪ್ಯಾಂಟು ಮುಗಿಯಿತು. ಬ್ಲೇಡು ಕಚ್ಚಿದ ಜಾಗವನ್ನು ಒಳಗಿನಿಂದ ರಫು ಮಾಡಿ ಕಾಣದಂತೆ ಮುಚ್ಚಿದಳು. ಮಾಲೀಕರಿಗೆ ತಲೆನೋವೆಂದು ಹೇಳಿ, ಜೀವನದಲ್ಲಿ ಮೊದಲ ಸಲ ಹಿಂದಿನ ನಲ್ಲಿಯ ಹತ್ತಿರ ಹೋಗದೆ, ಹೊತ್ತಿಗೆ ಮುಂಚೆಯೇ ಹೊರಟಳು. ಏನು ಮಾಡಬೇಕೆಂದು ನಿರ್ಧಾರವಾಗಿತ್ತು. ನಾಳೆಯಿಂದ ಚುಕ್ಕಿ ನರ್ಸರಿಗೆ ಹೋಗುವುದಿಲ್ಲ. ಶಾಲೆಯಿಂದ ನೇರ ಅಂಗಡಿಗೆ ಬಂದು ಕಟಿಂಗ್ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರುತ್ತದೆ. ಬಟ್ಟೆಯ ಚೂರುಗಳಿವೆ ಆಡಲಿಕ್ಕೆ. ನನ್ನ ಮಗಳು ನನ್ನ ಕಣ್ಣೆದುರಿಗಿರುತ್ತಾಳೆ, ಯಾರ ಹಂಗೂ ಇಲ್ಲ. ಈ ಮಾತನ್ನು ನಾದಿನಿಯ ಮುಖಕ್ಕೇ ಹೇಳಬೇಕು, ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ತಾಲೀಮು ಮಾಡಿದಳು. ಮೊದಲು ತಣ್ಣಗೆ ಆರಂಭಿಸುವುದು. ಬಹಳ ಉಪಕಾರವಾಯ್ತಮ್ಮ ನಿನ್ನಿಂದ, ಎನ್ನುವುದು. ಉಪಕಾರ ಎನ್ನುವಾಗ ಸ್ವಲ್ಪ ನಿಲ್ಲುವುದು. ನಾದಿನಿಯ ಮುಖ ಇಳಿಯುವುದನ್ನು ಅವಳು ಆಗಲೇ ಕಂಡಳು, ಕಂಡು ಸಂತೋಷಪಟ್ಟಳು. ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತ ಚುಕ್ಕಿಯ ಮುಖ ಮಾತ್ರ ಎಷ್ಟು ಪ್ರಯತ್ನಿಸಿದರೂ ಕಣ್ಣಿಗೆ ಬರಲಿಲ್ಲ. ರಸ್ತೆ ದಾಟುವಾಗ ಆಟೋದವನೊಬ್ಬ ಬೈದುಕೊಂಡು ಹೋದ.

ಬಂಕಿನ ಹಿಂದಿನ ಓಣಿಯಲ್ಲಿ ತಗಡಿನ ಗೇಟು ಅರ್ಧ ತೆರೆದಿತ್ತು. ಒಳಗೆ ಹಸಿರು ಬಲೆಯ ನೆರಳು, ಸಾಲು ಸಾಲು ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳು, ಆಚೆ ಕೆಂಪುಮಣ್ಣಿನ ರಾಶಿ. ರಾಶಿಯ ತುದಿಯಿಂದ ಚುಕ್ಕಿ ಕೂತುಕೊಂಡೇ ಜಾರುತ್ತಿತ್ತು. ಕೆಳಗೆ ಬಂದು, ಮೇಲೆ ಹತ್ತಿ, ಮತ್ತೆ ಜಾರುತ್ತಿತ್ತು. ಜಾರುವಾಗ ಬಾಯಿಂದ ಬಸ್ಸಿನ ಸದ್ದು. ಮಗು ಅಷ್ಟು ಜೋರಾಗಿ ಸದ್ದು ಮಾಡಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಚುಕ್ಕಿ ಪಿಸುಮಾತಿನ ಮಗು, ಎಲ್ಲಿಯೂ ಒರಗದೆ ನಡುಕೋಣೆಯಲ್ಲಿ ನಿಲ್ಲುವ ಮಗು. ಇಲ್ಲಿರುವವಳು ಬೇರೆ ಯಾರೋ. ಗಲ್ಲ, ಮೊಣಕಾಲು, ಕೂದಲು ಎಲ್ಲ ಕೆಂಪು, ಕಣ್ಣು ಮಾತ್ರ ಚುಕ್ಕಿಯವೇ. ಅವಳು ಗೇಟಿನ ಹಿಂದೆಯೇ ನಿಂತಳು. ಮಣ್ಣಿನಲ್ಲಿ ಏನೆಲ್ಲ ಇರುತ್ತದೆಂದು ಓದಿದ್ದೆಲ್ಲ ಸಾಲಾಗಿ ತಲೆಗೆ ಬಂತು, ಹುಳುವಿನ ಮೊಟ್ಟೆ, ತುಕ್ಕು ಹಿಡಿದ ಮೊಳೆ, ಬೆಕ್ಕಿನ ಹೇಲು. ಆ ಸಾಲಿನ ಕೆಳಗೆ, ಅದಕ್ಕಿಂತ ಗಟ್ಟಿಯಾಗಿ, ಇನ್ನೊಂದಿತ್ತು. ಈ ಮಗುವನ್ನು ಇಷ್ಟು ದಿನ ನಾದಿನಿಯೊಬ್ಬಳೇ ನೋಡಿದ್ದಾಳೆ. ನನಗೆ ಸಿಕ್ಕಿದ್ದು ತೊಳೆದು ಕಳಿಸಿದ್ದು.

ನಾಲ್ಕನೆಯ ಸಲವೋ ಐದನೆಯ ಸಲವೋ ಜಾರುವಾಗ ಫ್ರಾಕಿನ ಪಕ್ಕ ಯಾವುದಕ್ಕೋ ಸಿಕ್ಕಿ ಪರ್ರನೆ ಹರಿಯಿತು. ಚುಕ್ಕಿ ಎದ್ದು ನೋಡಿಕೊಂಡು, "ಅತ್ತೇ, ಜೇಬು ಹೋಯ್ತು," ಎಂದು ಕೂಗಿತು. ನಾದಿನಿ ನೀರಿನ ಪೈಪು ಕೆಳಗೆ ಹಾಕಿ ಬಂದಳು, ಮಂಡಿಯೂರಿ ಕೂತಳು, ಅದೇನು ದೊಡ್ಡ ವಿಷಯ, ಈಗ ಹಾಕಿಬಿಡೋಣ, ಎಂದು ಕಂಬಕ್ಕೆ ಚುಚ್ಚಿದ್ದ ದಬ್ಬಳವನ್ನು ಕಿತ್ತಳು. ಗೋಣಿಚೀಲ ಹೊಲಿಯುವ ದಬ್ಬಳ, ಅದರ ಕಣ್ಣಿನಲ್ಲಿ ಸಣಬಿನ ದಾರ. ಅದನ್ನು ಹಿಡಿದು ಹರಿದ ಎರಡು ಅಂಚನ್ನು ಒಟ್ಟಿಗೆ ಚಿವುಟಿ, ಮೂಟೆಯ ಬಾಯಿ ಕಟ್ಟುವವಳ ಹಾಗೆ ಚುಚ್ಚಲು ಹೊರಟಳು. ಅದನ್ನು ಮಾತ್ರ ಗೇಟಿನ ಹಿಂದಿದ್ದವಳಿಂದ ನೋಡಲಾಗಲಿಲ್ಲ. ದರ್ಜಿ ಅಳತೆ ತೆಗೆದದ್ದಾಯಿತು, ಗಂಡ ಗುಟ್ಟಿಟ್ಟದ್ದಾಯಿತು, ಮಗು ಬಸ್ಸಿನ ಸದ್ದು ಮಾಡಿದ್ದೂ ಆಯಿತು. ಇನ್ನು ನನ್ನ ಮಗಳ ಮೈಮೇಲಿನ ಬಟ್ಟೆಗೆ ಇವಳು ದಬ್ಬಳವನ್ನೂ ಹಾಕುತ್ತಾಳೋ? ಯಾವ ಹೊತ್ತಿನಲ್ಲಿ ಗೇಟು ದಾಟಿದಳೋ ಅವಳಿಗೇ ತಿಳಿಯದು. "ಕೊಡು ಇಲ್ಲಿ. ಅದು ಗೋಣಿಚೀಲ ಅಲ್ಲ."

ಇಬ್ಬರೂ ಒಟ್ಟಿಗೆ ತಿರುಗಿದರು. ನಾದಿನಿಯ ಮುಖ ಇಳಿಯಿತು, ದಾರಿಯಲ್ಲಿ ಅವಳು ಕಂಡಂತೆಯೇ, ಆದರೆ ಅದರಿಂದ ಏನೂ ಸಂತೋಷವಾಗಲಿಲ್ಲ. ಚುಕ್ಕಿ ಒಂದು ಹೆಜ್ಜೆ ಹಿಂದೆ ಸರಿದು, ಮಣ್ಣಾದ ಮೈಯೆಲ್ಲ ಎಲ್ಲಿ ಬಚ್ಚಿಡುವುದೆಂದು ತಿಳಿಯದೆ, ಕಣ್ಣು ಮುಚ್ಚಿಕೊಂಡಿತು. ಅವಳು ತನ್ನ ಕೈಚೀಲದ ಮುಚ್ಚಳಕ್ಕೆ ಚುಚ್ಚಿಟ್ಟಿದ್ದ ಸೂಜಿ ತೆಗೆದಳು, ನೀಲಿ ನೂಲು ಹುಡುಕಿ ಪೋಣಿಸಿದಳು, ನೆಲಕ್ಕೆ ಕೂತಳು. ಹಸಿಮಣ್ಣು ಬಟ್ಟೆಯ ಒಳಗೆ ತಣ್ಣಗೆ ಇಳಿಯುವುದು ಗೊತ್ತಾಯಿತು. ಫ್ರಾಕಿನ ಹರಿದ ಪಕ್ಕವನ್ನು ಹಿಡಿದು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಇದು ಡಾಕ್ಟರು ಹೇಳಿದ ಧೈರ್ಯವೇನಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಧೈರ್ಯಕ್ಕೆ ಅವಳು ಕಾದು ಕೂತಿದ್ದರೆ ಚುಕ್ಕಿಗೆ ಮದುವೆ ವಯಸ್ಸಾಗುತ್ತಿತ್ತು. ಇದು ಶುದ್ಧ ಹೊಟ್ಟೆಕಿಚ್ಚು. ಆ ಕಿಚ್ಚಿನ ಮುಂದೆ ಹುಳುವಿನ ಮೊಟ್ಟೆಗಳೆಲ್ಲ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡವು, ಅಷ್ಟೆ. ಒಂದು ಕೈಯನ್ನು ಜೇಬಿನೊಳಗೆ ಹಾಕಿ ಅದರ ಬಾಯನ್ನು ಬಿಡಿಸಿ ಹಿಡಿದು, ಹಿಂಹೊಲಿಗೆ ಹಾಕುತ್ತ ಬಂದಳು. ಆ ದರ್ಜಿ ಒಂದೆಳೆ ಹಾಕಿದ್ದ ಕಡೆ ಎರಡೆಳೆ ಹಾಕಿದಳು.

ಹೊಲಿಯುತ್ತಲೇ, ತಲೆಯೆತ್ತದೆ, ಕೇಳಿದಳು. "ಯಾರಿಗೆ ಹೊಳೀತು ಈ ಎರಡು ಫ್ರಾಕಿನ ಉಪಾಯ? ನಿನಗಾ, ನಿಮ್ಮಣ್ಣನಿಗಾ?"

ನಾದಿನಿ ದಬ್ಬಳವನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತಿದ್ದಳು. ನನ್ನದೇ ತಪ್ಪು ಅತ್ತಿಗೆ, ಬೈಯೋದಾದ್ರೆ ನನ್ನನ್ನೇ ಬೈರಿ, ಎಂದಳು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ದನಿಯಲ್ಲೇ ತಿಳಿಯುತ್ತಿತ್ತು.

"ನಂದು," ಎಂದಿತು ಚುಕ್ಕಿ. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. "ಫ್ರಾಕು ಕ್ಲೀನಾಗಿದ್ರೆ ನೀನು ಸ್ವಲ್ಪಾನೇ ಒಗೀತೀಯ ಅಂತ. ಆಮೇಲೆ ಕೈ ಉರಿಯಲ್ಲ ಅಂತ." ಸ್ವಲ್ಪ ಯೋಚಿಸಿ, ದೂರೇನೂ ಇಲ್ಲದ ದನಿಯಲ್ಲಿ ಸೇರಿಸಿತು, "ಆದ್ರೂ ನೀನು ಅಷ್ಟೇ ಹೊತ್ತು ಒಗೀತಿದ್ದೆ."

ಸೂಜಿ ಅರ್ಧ ಚುಚ್ಚಿದಲ್ಲೇ ನಿಂತಿತು. ನಿನ್ನೆಯಿಂದ ಯಾರ ಮೇಲೆ ಉರಿದು ಬೀಳಬೇಕೆಂದಿದ್ದಳೋ ಅವರಲ್ಲಿ ಯಾರೂ ಈಗ ಉಳಿದಿರಲಿಲ್ಲ. ಕಟಿಂಗ್ ಮೇಜಿನ ಪಕ್ಕದ ಸ್ಟೂಲಿನ ಮಾತು ನಾಲಿಗೆಯ ತುದಿಗೆ ಬಂದದ್ದು ಅಲ್ಲಿಯೇ ಒಣಗಿತು. ಕೊನೆಯ ಹೊಲಿಗೆ ಎಳೆದು, ಗಂಟು ಹಾಕಿ, ಬಗ್ಗಿ ನೂಲನ್ನು ಹಲ್ಲಿನಿಂದ ಕಚ್ಚಿದಳು. ಮುಖ ಮಗಳ ಹೊಟ್ಟೆಗೆ ತಗುಲಿತು, ತುಟಿಗೆ ಮಣ್ಣು ಹತ್ತಿತು. ಬಿಸಿಲಿಗೆ ಕಾದ ಮಣ್ಣು, ಬೆವರು, ಅದರ ಕೆಳಗೆ ಸೋಪಿನ ಲವಲೇಶವೂ ಇಲ್ಲದ ಮಗುವಿನ ಮೈಯ ವಾಸನೆ. ಅದು ಅವಳಿಗೆ ಗೊತ್ತಿಲ್ಲದ ವಾಸನೆ. ಇನ್ನೂ ಸ್ವಲ್ಪ ಹೊತ್ತು ಹಾಗೇ ಇರೋಣವೆಂದುಕೊಳ್ಳುವಷ್ಟರಲ್ಲಿ ಚುಕ್ಕಿ ಬಿಡಿಸಿಕೊಂಡು ಓಡಿತು.

ಆಡಲು ಅಲ್ಲ. ಡ್ರಮ್ಮಿನ ಹತ್ತಿರ ಹೋಗಿ ಮಗ್ಗಿನ ತುಂಬ ನೀರು ಮೊಗೆದುಕೊಂಡು, ಇನ್ನೊಂದು ಕೈಯಲ್ಲಿ ಸೋಪು ಹಿಡಿದು ಬಂತು. ಅಮ್ಮನ ಎದುರು ನಿಂತು, ಕೈ ಚಾಚು, ಎಂದಿತು. ಅವಳು ಆಮೇಲೆ ತೊಳೆದುಕೊಳ್ಳುತ್ತೇನೆಂದಳು, ನೀನು ಆಡು ಹೋಗು ಎಂದಳು. ಮಗು ಕದಲಲಿಲ್ಲ. ಅಮ್ಮನ ಕೈಯ ಮಣ್ಣನ್ನು ನೋಡುತ್ತ ಅದರ ಮುಖವೆಲ್ಲ ಬಿಗಿಯಾಗುತ್ತಿತ್ತು, ಹುಬ್ಬು ಗಂಟಿಕ್ಕಿ, ತುಟಿ ಒಳಗೆ ಸೇರಿ. ಆ ಮುಖ ಯಾರದೆಂದು ಅವಳಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ; ಬಚ್ಚಲ ಕನ್ನಡಿಯಲ್ಲಿ ದಿನಾ ನೋಡುವ ಮುಖ. ನಾದಿನಿಗೆ ಹೋಗದೆ, ದರ್ಜಿಗೆ ಹೋಗದೆ, ತನ್ನದೇ ಆಗಿ ಮಗಳಲ್ಲಿ ಉಳಿದದ್ದು ಇದೊಂದೇ ಇರಬಹುದು. ಇದನ್ನು ಯಾರಾದರೂ ಕಿತ್ತುಕೊಂಡು ಹೋಗುವುದಾದರೆ ಹೋಗಲಿ. ಕೈ ಚಾಚಿದಳು. ಚುಕ್ಕಿ ನೀರು ಹಾಕಿತು, ಸೋಪು ಕೊಟ್ಟಿತು, ಮತ್ತೆ ನೀರು ಹಾಕಿತು. ಕೆಂಪು ನೀರು ಇಳಿದು ನೆಲ ಸೇರಿತು.

"ಇನ್ನೊಂದ್ಸಲ," ಎಂದಿತು ಚುಕ್ಕಿ.

"ಬೇಡ. ಸಾಕು."

"ನಿಜವಾಗ್ಲೂ ಸಾಕಾ?"

ಸಾಕಾಗಿರಲಿಲ್ಲ. ಗಿಣ್ಣಿನ ಸೀಳುಗಳೊಳಗೆ ಮಣ್ಣು ಕೂತದ್ದು ಅವಳಿಗೆ ಕಾಣುತ್ತಿತ್ತು, ಇತ್ತೋ ಇಲ್ಲವೋ ಬೇರೆ ಮಾತು. ಕೈಯನ್ನು ಮೊಣಕೈ ತನಕ ಕುದಿನೀರಿಗೆ ಅದ್ದಿಬಿಡಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಮನೆಯವರೆಲ್ಲ ಇಷ್ಟು ದಿನ ತನಗೆ ಸುಳ್ಳು ಹೇಳುತ್ತ ಒಟ್ಟಿಗಿದ್ದರು, ತಾನೊಬ್ಬಳೇ ಹೊರಗೆ. ಈಗ ಸುಳ್ಳು ಹೇಳುವ ಸರದಿ ತನ್ನದು.

"ನಿಜವಾಗ್ಲೂ ಸಾಕು," ಎಂದಳು. "ಈಗ ಏನೂ ಅನ್ನಿಸ್ತಿಲ್ಲ ನೋಡು. ಹೋಗು, ಜೇಬು ಗಟ್ಟಿಯಾಗಿದೆ ಈಗ."

ಚುಕ್ಕಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ನಂಬಿತೋ, ನಂಬಿದ ಹಾಗೆ ಮಾಡಿತೋ, ಈ ಕೆಲಸದಲ್ಲಿ ಅಷ್ಟು ಪಳಗಿದ ಮಗುವಿನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಸೋಪನ್ನು ಅತ್ತೆಯ ಕೈಗೆ ಕೊಟ್ಟು ಆಡಲು ಹೋಯಿತು.